ಹಾಸನಕ್ಕೆ ಬಂದಿದ್ಯಾ?

ನಮ್ಮ ತಾಯಿ ಕಡೆಯವರ ವಾಟ್ಸಾಪ್ ಗುಂಪಿಗೆ 'ನಮ್ಮನೆ ಬಳಗ' ಅಂತ ಹೆಸರು. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಬೆಲ್ಲದ ಉಪಯೋಗ, ರಾತ್ರಿ ಕಾಳುಮೆಣಸಿನ ರೇಟು. ಇಷ್ಟೇ ಅದರ ದಿನಚರಿ. ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಆಲೂರಿನ ರವಿ, ಅಂದರೆ ದೊಡ್ಡಮಾವನ ಮಗ, ಇದನ್ನು ತಂದು ಹಾಕಿದ. ತಲೆ ಮೇಲೆ ಜೋಡಿ ಬಾಣ ಇತ್ತು. ಎಷ್ಟೋ ಕೈ ದಾಟಿ ಬಂದ ಸರಕು.

"ತುರ್ತು ಎಚ್ಚರಿಕೆ!! ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ರಾತ್ರಿ ಬಸ್ಸಿನಲ್ಲಿ ಓಡಾಡುವವರು ತಪ್ಪದೆ ಓದಿ. ಹಾಸನದಲ್ಲಿ ಹಳೇ ಸ್ನೇಹಿತರ ಕೂಟ ಮುಗಿಸಿ ಕೊನೇ ಬಸ್ಸು ಹತ್ತಿದ ಹಿರಿಯರೊಬ್ಬರ ಮುಖಕ್ಕೆ, ಕಂಬಳಿ ಮಾರುವವರ ವೇಷದಲ್ಲಿದ್ದ ಹೊರರಾಜ್ಯದ ಗ್ಯಾಂಗ್ ಸ್ಪ್ರೇ ಹೊಡೆದು ಪ್ರಜ್ಞೆ ತಪ್ಪಿಸಿ ಮೊಬೈಲ್, ಪರ್ಸ್, ಉಂಗುರ ದೋಚಿದೆ. ಕೈಯಲ್ಲಿದ್ದ ಗೋಡೆ ಗಡಿಯಾರ ಒಂದನ್ನು ಮಾತ್ರ ಬಿಟ್ಟಿದ್ದಾರೆ. ಇಂಥ ಇನ್ನೂರು ಜನ ಮಲೆನಾಡಿಗೆ ಇಳಿದಿದ್ದಾರೆ. ಪೊಲೀಸ್ ಇಲಾಖೆ ಸೂಚನೆ. ನಿಮ್ಮವರನ್ನು ಉಳಿಸಿಕೊಳ್ಳಲು ಹತ್ತು ಗುಂಪಿಗೆ ಕಳಿಸಿ."

ಕೆಳಗೆ ರವಿಯ ಸ್ವಂತ ಮಾತು ಒಂದೇ ಸಾಲು: "ನಾನು ಮೊದಲಿಂದ ಹೇಳ್ತಾನೇ ಇದೀನಿ."

ಏನು ಹೇಳ್ತಿದ್ದ ಅಂತ ಯಾರೂ ಕೇಳಲಿಲ್ಲ. ಮೂರು ಜನ ಕೈ ಮುಗಿದರು. ಒಬ್ಬರು, ಯಾವ ಅಭ್ಯಾಸಬಲವೋ, 'ಹುಟ್ಟುಹಬ್ಬದ ಶುಭಾಶಯ' ಅಂತ ಹಾಕಿದರು.

ದೊಡ್ಡಮಾವ ಬೇಲೂರಿನಲ್ಲಿದ್ದಾರೆ, ನಿವೃತ್ತ ಹೆಡ್‌ಮಾಸ್ಟರು. ಫೋನಿನಲ್ಲೂ ಬೋರ್ಡಿನ ಮೇಲೆ ಬರೆದ ಹಾಗೇ ಬರೆಯುತ್ತಾರೆ. "ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ನಮ್ಮ ಹಿರಿಯರ ಪದ್ಧತಿ. ಸ್ನೇಹಿತರ ಕೂಟ ಎಂದರೆ ಏನೆಂಬುದು ಎಲ್ಲರಿಗೂ ತಿಳಿದೇ ಇದೆ. ಆ ಮನುಷ್ಯನ ಪ್ರಜ್ಞೆ ತಪ್ಪಿಸಿದ್ದು ಸ್ಪ್ರೇ ಅಲ್ಲ, ಬಾಟಲಿ."

ಇದಕ್ಕೆ ಹದಿಮೂರು ಹೆಬ್ಬೆರಳು ಬಿದ್ದವು.

ಮೈಸೂರಿನ ಮಂಜಣ್ಣ, ದೊಡ್ಡಮ್ಮನ ಮಗ, ಕಳ್ಳತನದ ಗೋಜಿಗೇ ಹೋಗಲಿಲ್ಲ. "ಹಾಸನದ ಹಳೇ ಬಸ್‌ಸ್ಟ್ಯಾಂಡ್ ಎಷ್ಟು ಚೆನ್ನಾಗಿತ್ತು. ಇಳಿದ್ರೆ ಪೇಟೆ ಮಧ್ಯಕ್ಕೇ ಇಳೀತಿದ್ವಿ. ಈಗಿನದು ಊರಾಚೆ. ಅಜ್ಜಿ ಜೊತೆ ಹಾಸನಾಂಬೆ ನೋಡೋಕೆ ಬಂದಾಗ ಬಸ್ಸಿನ ಟಾಪಲ್ಲಿ ಕೂತು ಬಂದಿದ್ವಿ, ನೆನಪಿದ್ಯಾ ರವಿ?" ರವಿಗೆ ನೆನಪಿರಲು ಸಾಧ್ಯವಿಲ್ಲ, ಆಗ ಅವನಿನ್ನೂ ಹುಟ್ಟಿರಲಿಲ್ಲ. ಆದರೂ 'ಹೌದಣ್ಣ' ಅಂದ.

ಯಾರೋ ಶಕ್ತಿ ಯೋಜನೆ ಎತ್ತಿದರು. ಹೆಂಗಸರಿಗೆ ಫ್ರೀ ಮಾಡಿದ ಮೇಲೆ ಬಸ್ಸಲ್ಲಿ ಉಸಿರಾಡೋಕೆ ಜಾಗವಿಲ್ಲ, ಕಳ್ಳರಿಗೆ ಸುಗ್ಗಿ ಅಂತ. ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಕ್ಕೂ ಮೊದಲು ನಮ್ಮ ಬಸ್ಸುಗಳು ಖಾಲಿ ಓಡುತ್ತಿದ್ದವು ಅನ್ನೋ ಹಾಗೆ ಇವರ ಮಾತು. ಅಕ್ಕ ಆ ಸಂದೇಶಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿದಳು, ಅದು ಅಲ್ಲಿಗೇ ತಣ್ಣಗಾಯಿತು.

ಆಮೇಲೆ ಪುಟ್ಟಿ ಬಂದಳು. ಚಿಕ್ಕಮಾವನ ಮಗಳು, ಬೆಂಗಳೂರಿನಲ್ಲಿ ಕೆಲಸ. ಅವಳು ಗುಂಪಿಗೆ ಬಂದಳು ಅಂದರೆ ಯಾರದೋ ಫಾರ್ವರ್ಡಿಗೆ ಗ್ರಹಚಾರ.

"ರವಿಯಣ್ಣ, ಯಾವ ತಾರೀಕು? ಯಾವ ಠಾಣೆ? ಇಲಾಖೆ ಸೂಚನೆ ಅಂದ್ಮೇಲೆ ಸಹಿ, ಸೀಲು ಎಲ್ಲಿ? ಇನ್ನೂರು ಜನ ಅಂತ ಎಣಿಸಿದ್ಯಾರು? ಜೋಡಿ ಬಾಣ ಬಂದ ಮೆಸೇಜನ್ನ 2020ರಿಂದ ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸೋಕಾಗೋದು. ನೀನು ಹತ್ತು ಸಲ ಕೂತು ಕಳಿಸಿದ್ಯಾ?"

"ಮುಖಕ್ಕೆ ಹೊಡೆದ ತಕ್ಷಣ ಪ್ರಜ್ಞೆ ತಪ್ಪಿಸೋ ಸ್ಪ್ರೇ ಸಿನಿಮಾದಲ್ಲಿ ಮಾತ್ರ. ಕ್ಲೋರೋಫಾರ್ಮಿಗೂ ನಿಮಿಷಗಟ್ಟಲೆ ಹಿಡೀಬೇಕು. ಬಿಸ್ಕತ್ತಲ್ಲಿ, ಟೀಯಲ್ಲಿ ನಿದ್ದೆ ಮಾತ್ರೆ ಬೆರೆಸಿ ರೈಲಲ್ಲಿ ದೋಚಿದ ಕೇಸುಗಳಿವೆ, ಅದು ಬೇರೆ."

"ಕಂಬಳಿ ಮಾರೋರ ಮೇಲೆ ಯಾಕೆ ಹಾಕ್ತೀರ? 2018ರಲ್ಲಿ ಬೀದರ್ ಜಿಲ್ಲೆ ಮುರ್ಕೀಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹಬ್ಬಿಸಿ, ದಾರೀಲಿ ಹೋಗ್ತಿದ್ದೋರನ್ನ ಅಟ್ಟಿಸಿಕೊಂಡು ಹೋಗಿ ಒಬ್ಬನ್ನ ಹೊಡೆದೇ ಸಾಯಿಸಿದ್ರು. ನಾಳೆ ಆಲೂರು ಸಂತೇಲಿ ಯಾರಿಗಾದ್ರೂ ಹಂಗಾದ್ರೆ?"

ಮೂರನೆಯದು ನಿಜಕ್ಕೂ ನಿಂತು ಓದಬೇಕಾದ ಮಾತಾಗಿತ್ತು. ರವಿ ಓದಿದ್ದು ಮೊದಲನೆಯದನ್ನು ಮಾತ್ರ. "ನಿಂಗೆ ಎಲ್ಲದಕ್ಕೂ ಪ್ರೂಫ್ ಬೇಕು. ಒಂದು ಒಳ್ಳೇದು ಕಳಿಸಿದ್ರೂ ತಪ್ಪು ಹುಡುಕ್ತೀಯ. ನಿಮ್ಮಪ್ಪಂಗೇ ಹಿಂಗಾಗಿದ್ರೆ ಎಫ್‌ಐಆರ್ ನಂಬರ್ ಕೇಳ್ತಿದ್ಯಾ?"

ದೊಡ್ಡಮಾವ ಮಗನ ಪರ: "ಹಿರಿಯರ ಎದುರು ಹೆಣ್ಣುಮಕ್ಕಳು ಇಷ್ಟು ವಾದ ಮಾಡುವುದು ಶೋಭೆಯಲ್ಲ." ಅಕ್ಕ: "ಗಂಡುಮಕ್ಕಳು ಮಾಡಿದ್ರೆ ಶೋಭೆನಾ ಮಾವ?" ಸರಿ, ಅಲ್ಲಿಂದ ಹತ್ತು ನಿಮಿಷ ಅದೇ ಆಯಿತು. ಬಸ್ಸೂ ಇಲ್ಲ, ಕಳ್ಳನೂ ಇಲ್ಲ.

ಈ ಗದ್ದಲದ ನಡುವೆ ಚಿಕ್ಕತ್ತೆಯ ಒಂದು ಸಾಲು ಬಂತು: "ಸ್ಪ್ರೇ ಗೀಪ್ರೇ ಏನೂ ಹೊಡ್ದಿಲ್ಲ. ಉಂಗುರಾನೂ ಹೋಗಿಲ್ಲ. ಜನ ಬಾಯಿಗೆ ಬಂದಂಗೆ ಸೇರಿಸ್ತಾರೆ."

ಗುಂಪು ಗಪ್‌ಚಿಪ್ಪಾಯಿತು. ಅರೆಗಳಿಗೆಗೆ ಆ ಸಾಲು ಮಾಯವಾಗಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಉಳಿಯಿತು. ಆದರೆ ನಮ್ಮ ಭಾವ ಹಾಸನ ಕೋರ್ಟಿನಲ್ಲಿ ವಕೀಲರು. ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿದ್ದರು. ಅದನ್ನು ಹಾಕಿ, "ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?" ಅಂತ ಬಹಳ ವಿನಯದಿಂದ ಕೇಳಿದರು.

ಪುಟ್ಟಿ: "ಅಮ್ಮ?"

ಪುಟ್ಟಿ: "ಅಮ್ಮಾ, ಅಪ್ಪನ ಫೋನ್ ರಿಪೇರಿಗೆ ಕೊಟ್ಟಿದೀವಿ ಅಂದ್ಯಲ್ಲ."

ಚಿಕ್ಕತ್ತೆಯ ನಂಬರಿನಿಂದಲೇ ಉತ್ತರ ಬಂತು, ಬರೆದವರು ಬೇರೆ. "ನಾನು ಕಣ್ರಪ್ಪ, ಇವಳ ಫೋನಿಂದ ಬರೀತಿದೀನಿ. ಹೌದು, ಅದು ನಂದೇ. ಶುಕ್ರವಾರ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸೇರಿದ್ವಿ. ಎಲ್ಲರಿಗೂ ಒಂದೊಂದು ಗೋಡೆ ಗಡಿಯಾರ ಕೊಟ್ರು. ಹೊಸ ಬಸ್‌ಸ್ಟ್ಯಾಂಡಿಗೆ ಬಸ್ಸು ಬಂದಿದ್ದೇ ಜನ ನುಗ್ಗಿದ್ರು. ನಂದು ಒಂದು ಕೈಲಿ ಗಡಿಯಾರ, ಇನ್ನೊಂದು ಕೈಲಿ ಕಂಬಿ. ಮೆಟ್ಟಿಲ ಮೇಲೆ ಮುಂದಿದ್ದೋನು ಚಿಲ್ಲರೆ ಬಿತ್ತು ಅಂತ ಬಗ್ಗಿದ, ಹಿಂದಿನೋರು ಒತ್ತಿದ್ರು. ಅಷ್ಟೇ. ಟಿಕೆಟ್ ದುಡ್ಡು ಮೇಲ್ಜೇಬಲ್ಲಿತ್ತು, ಅದಕ್ಕೇ ಆಗ ಗೊತ್ತಾಗ್ಲಿಲ್ಲ. ಹಗರೆ ದಾಟಿದ ಮೇಲೆ ಇವಳಿಗೆ ಫೋನ್ ಮಾಡೋಣ ಅಂತ ಕೈ ಹಾಕಿದ್ರೆ ಜುಬ್ಬದ ಜೇಬು ಕೆಳಗಿಂದ ಬ್ಲೇಡಲ್ಲಿ ಕೊಯ್ದಿತ್ತು. ಮಂಕುಬೂದಿ ಎರಚಿದಂಗಾಯ್ತು ಅಂತ ಬ್ಯಾಚಿನ ಗುಂಪಲ್ಲಿ ಹೇಳ್ದೆ. ಅದು ಸ್ಪ್ರೇ ಆಗಿದೆ. ಕಂಬಳಿ ಹೊದ್ದಿದ್ದ ಹುಡುಗ ಪಾಪ ನಂಗೆ ಸೀಟು ಬಿಟ್ಟುಕೊಟ್ಟೋನು."

ಇಡೀ ರಾತ್ರಿಯಲ್ಲಿ ಕಣ್ಣಾರೆ ಕಂಡವರ ಮಾತು ಇದೊಂದೇ. ಬಸ್ಸಿನ ಬಾಗಿಲಲ್ಲಿ ಜೇಬು ಹೇಗೆ ಹೋಗುತ್ತೆ ಅನ್ನೋದನ್ನ ಇದಕ್ಕಿಂತ ಬಿಡಿಸಿ ಹೇಳೋಕಾಗಲ್ಲ. ಒಬ್ಬ ದಾರಿ ಕಟ್ಟಬೇಕು, ಒಬ್ಬ ಒತ್ತಬೇಕು, ನಮ್ಮ ಎರಡೂ ಕೈಗೆ ಕೆಲಸವಿರಬೇಕು.

ಅಮ್ಮ ನನ್ನ ಪಕ್ಕದಲ್ಲೇ ಅವರೆಕಾಳು ಸುಲಿಯುತ್ತಿದ್ದಳು, ನಾನು ಜೋರಾಗಿ ಓದಿ ಹೇಳುತ್ತಿದ್ದೆ. ಕನ್ನಡಕ ಕೇಳಿ ತೆಗೆದುಕೊಂಡು, ತನ್ನ ಫೋನಿನಲ್ಲಿ ಒಂದೇ ಬೆರಳಲ್ಲಿ ಒತ್ತಿದಳು.

"ಹಾಸನಕ್ಕೆ ಬಂದಿದ್ಯಾ?"

ಕಳ್ಳತನದ ವಿಷಯ ಅಲ್ಲಿಗೆ ಮುಗಿಯಿತು.

ಚಿಕ್ಕಮಾವ: "ಅಕ್ಕ, ಟೈಮ್ ಆಗ್ಲಿಲ್ಲ."

ಅಮ್ಮ: "ಬ್ಯಾಚಿನೋರಿಗೆ ಟೈಮ್ ಆಯ್ತು."

ಚಿಕ್ಕಮಾವ: "ಸಂಜೆ ಬಂದು ರಾತ್ರಿ ಹೊರಟೆ ಕಣಕ್ಕ."

ಅಮ್ಮ: "ಕೊನೇ ಬಸ್ಸಲ್ಲಿ ಯಾಕೆ ಹೋಗ್ಬೇಕಿತ್ತು? ನಮ್ಮನೇಲಿ ಹಾಸಿಗೆ ಇರ್ಲಿಲ್ವಾ?"

ಚಿಕ್ಕತ್ತೆ, ಈಗ ಫೋನು ಮತ್ತೆ ಅವರ ಕೈಗೆ ಬಂದಿತ್ತು: "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಹೋಗಿ ಬನ್ನಿ ಅಂತ ನಾನೇ ಹೇಳಿ ಕಳ್ಸಿದ್ದೆ."

ಇದು ಸುಳ್ಳು ಅಂತ ಗುಂಪಿನ ಅಷ್ಟೂ ಜನಕ್ಕೆ ಗೊತ್ತು, ಅಮ್ಮನಿಗೂ ಗೊತ್ತು.

ದೊಡ್ಡಮಾವ ಬಿಡುತ್ತಾರೆಯೇ? 'ಬಾಟಲಿ' ಅಂದಿದ್ದು ತಮ್ಮನಿಗೇ ತಗುಲಿತು ಅಂತ ಗೊತ್ತಾದ ಮೇಲೂ ಒಂದಿಷ್ಟೂ ಹಿಂದೆ ಸರಿಯಲಿಲ್ಲ. "ಚಿಕ್ಕವನಿದ್ದಾಗಿನಿಂದಲೂ ಇವನಿಗೆ ಗಮನವಿಲ್ಲ. ಬೇಲೂರು ತೇರಿನಲ್ಲಿ ಅವ್ವನ ಎರಡೆಳೆ ಸರ ಹೋಗಿದ್ದು ಯಾರಿಂದ? ಕೈ ಹಿಡಿದುಕೋ ಎಂದರೆ ಮಂಡಕ್ಕಿ ಅಂಗಡಿಗೆ ಓಡಿದ್ದ."

ಅಮ್ಮ: "ಆ ಸರ ನಂಗೆ ಅಂತ ಅವ್ವ ಹೇಳಿದ್ರು."

ಮಂಜಣ್ಣ ಇನ್ನೂ ಹಳೇ ಬಸ್‌ಸ್ಟ್ಯಾಂಡಿನ ಗುಂಗಿನಲ್ಲಿದ್ದ. "ಆಹಾ, ಆ ತೇರು! ಚೆನ್ನಕೇಶವನ ತೇರು ಎಳೆಯೋದು ನೋಡೋಕೆ ಎರಡು ಕಣ್ಣು ಸಾಲದು. ಆದ್ರೆ ಸರ ತೇರಲ್ಲಿ ಹೋಗ್ಲಿಲ್ಲ, ಬೋರ್‌ವೆಲ್ ಕೊರೆಸೋಕೆ ಹೋಯ್ತು ಅಂತ ನಮ್ಮವ್ವ ಹೇಳೋರು."

ಬೋರ್‌ವೆಲ್ ಇರೋದು ದೊಡ್ಡಮಾವನ ಪಾಲಿನ ಜಮೀನಲ್ಲಿ.

ಆಮೇಲಿನದನ್ನು ಪೂರ್ತಿ ಬರೆಯೋದು ಬೇಡ, ಇದನ್ನು ಓದುವವರಲ್ಲಿ ನಮ್ಮವರೂ ಇರ್ತಾರೆ. ಪಾಲುಪಟ್ಟಿ ಬಂತು, ಯಾವುದೋ ಗೃಹಪ್ರವೇಶಕ್ಕೆ ಸೀರೆ ಕೊಡದಿದ್ದದ್ದು ಬಂತು. ದೊಡ್ಡಮಾವ ಗುಂಪು ಬಿಟ್ಟು ಹೋದರು. ರವಿ ಅವರನ್ನು ಮತ್ತೆ ಸೇರಿಸಿದ. ಅವರು ಮತ್ತೆ ಹೋದರು. ಮಂಜಣ್ಣ 'ನಾನೇನಂದೆ ಈಗ?' ಅಂತ ಮೂರು ಸಲ ಕೇಳಿದ.

ಈ ನಡುವೆ ಭಾವ ಒಂದು ಉದ್ದನೆಯ ಸಂದೇಶ ಹಾಕಿದರು. ಉಳಿದದ್ದೆಲ್ಲ ಹಾಳಾಗಲಿ, ಅದನ್ನು ಇಲ್ಲಿ ಕೊಡಲೇಬೇಕು.

"ಮಾವ, ಹಾಸನದಲ್ಲಿ ಹೋಯ್ತೋ ಬೇಲೂರಲ್ಲೋ ಅಂತ ತಲೆ ಕೆಡಿಸ್ಕೋಬೇಡಿ. ಜೀರೋ ಎಫ್‌ಐಆರ್ ಅಂತ ಇದೆ, ಚಿಕ್ಕಮಗಳೂರು ಠಾಣೇಲೇ ದೂರು ಕೊಡಿ, ನಾಗರಿಕ ಸುರಕ್ಷಾ ಸಂಹಿತೆ 173. ಬಸ್ಸಿನೊಳಗಿಂದ ಕದ್ದಿದ್ದಕ್ಕೆ ನ್ಯಾಯ ಸಂಹಿತೆ 305, ಏಳು ವರ್ಷದವರೆಗೆ ಶಿಕ್ಷೆ. ಸಿಮ್ ಬ್ಲಾಕ್ ಮಾಡ್ಸಿದೀರಾ? ಫೋನಿಗೆ ಲಾಕ್ ಇದೆ ಅಂತ ನೆಮ್ಮದಿಯಾಗಿರಬೇಡಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೆ ಓಟಿಪಿ ಅಲ್ಲಿಗೇ ಹೋಗುತ್ತೆ. ಎಟಿಎಂ ಕಾರ್ಡೂ ಸಿಕ್ಕಿದ್ರೆ ಅದರ ಕೊನೆಯ 6 ಅಂಕಿ, ಮುಗಿಯೋ ತಿಂಗಳು ನೋಡಿಕೊಂಡು ಯುಪಿಐ ಪಿನ್ನನ್ನೇ ಬದಲಾಯಿಸಬಹುದು. ದುಡ್ಡು ಹೋಗಿದ್ರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರಿನ ಪ್ರತಿ ಸಿಕ್ಕ ಮೇಲೆ ಸಂಚಾರ್ ಸಾಥಿ ಅನ್ನೋ ಕೇಂದ್ರ ಸರ್ಕಾರದ ವೆಬ್‌ಸೈಟಿನ ಸಿಇಐಆರ್‌ನಲ್ಲಿ ಫೋನನ್ನೇ ಬ್ಲಾಕ್ ಮಾಡಿಸೋಣ. ಅದಕ್ಕೆ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್ ಬೇಕು, ಫೋನ್ ಬಂದ ಡಬ್ಬದ ಮೇಲಿರುತ್ತೆ."

ಸಿಮ್ ಮಾರನೇ ದಿನವೇ ನಿಲ್ಲಿಸಿದ್ದರಂತೆ. ಕಾರ್ಡು? ಅದು ಫೋನಿನ ಕವರಿನೊಳಗೇ ಇತ್ತು, ಬ್ಯಾಂಕಿಗೆ ಇನ್ನೂ ಹೇಳಿರಲಿಲ್ಲ. ಪುಟ್ಟಿ ಗುಂಪಿನಿಂದ ಎದ್ದು ಹೋಗಿ ಅಪ್ಪನಿಗೆ ನೇರವಾಗಿ ಫೋನ್ ಮಾಡಿ, ಲೈನಿನಲ್ಲಿ ಕೂರಿಸಿಕೊಂಡೇ ಕಾರ್ಡು ಬ್ಲಾಕ್ ಮಾಡಿಸಿದಳು. ದುಡ್ಡು ಹೋಗಿರಲಿಲ್ಲ. ವಾಪಸು ಬಂದು ರವಿಗೆ ಒಂದೇ ಮಾತು ಬರೆದಳು: "ರವಿಯಣ್ಣ, ಇದು ನಮ್ಮಪ್ಪಂದೇ. ಇನ್ನಾದ್ರೂ ಡಿಲೀಟ್ ಮಾಡು, ಕಂಬಳಿ ವಿಷಯ ಸುಳ್ಳು." ರವಿ: "ನಿಜ ಅಂತ ಆಯ್ತಲ್ಲ ಈಗ? ನಾನು ಹೇಳಿದ್ದು ಸರಿಯಾಯ್ತಲ್ಲ?" ಡಿಲೀಟ್ ಮಾಡಲಿಲ್ಲ. ಅಳಿಸುವ ಗಡುವು ಮುಗಿದಿದೆ ಅಂತ ಆಮೇಲೆ ನನಗೆ ಬೇರೆಯಾಗಿ ಹೇಳಿದ. ಅಷ್ಟು ಬೇಗ ಮುಗಿಯಲ್ಲ ಅನ್ನೋದು ನನಗೆ ಗೊತ್ತು.

ಬೆಳಿಗ್ಗೆ ಹೂವಿನ ಚಿತ್ರಗಳಾದ ಮೇಲೆ ಭಾವ ಮತ್ತೆ ಕೇಳಿದರು: "ಡಬ್ಬ ಸಿಕ್ತಾ?"

ಚಿಕ್ಕತ್ತೆ: "ಸಿಕ್ತು. ಅದರಲ್ಲಿ ಲವಂಗ ಹಾಕಿಟ್ಟಿದ್ದೆ. ಖಾಲಿ ಮಾಡಿ ಫೋಟೋ ಹಾಕ್ತೀನಿ."

ಫೋಟೋ ಬಂತು. ನಂಬರಿನ ಅರ್ಧದ ಮೇಲೆ ಅಂಗಡಿಯವನ ಬೆಲೆ ಚೀಟಿ. ಚೀಟಿ ಕಿತ್ತು ಇನ್ನೊಂದು ಹಾಕಿ ಅಂತ ಭಾವ ಬರೆಯುತ್ತಿರುವಾಗಲೇ ಅದರ ಕೆಳಗೆ ಅಮ್ಮನದು ಬಂತು:

"ಲವಂಗ ಇದ್ರೆ ಒಂದಿಷ್ಟು ಕಟ್ಕೊಂಡು ಬಾ. ಭಾನುವಾರ ಬರ್ತೀರೋ ಇಲ್ವೋ ಅದನ್ನ ಮೊದ್ಲು ಹೇಳಿ."