ನೂರು ಕೋತಿಗಳೇ ಇರಲಿಲ್ಲ, ಪುಟ್ಟಿ

ಪುಟ್ಟಿ, ನಿನ್ನೆ ರಾತ್ರಿ ಗ್ರೂಪಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಈಗ ಉತ್ತರ. ಟೈಪ್ ಮಾಡೋಕೆ ಕೈ ಬಿಡುವಿಲ್ಲ, ಅದಕ್ಕೇ ವಾಯ್ಸ್ ಮೆಸೇಜ್. ಗಾಂಧಿ ಬಜಾರಿನಿಂದ ತಂದ ಅವರೆಕಾಳು ನೆನೆಹಾಕಿ ಹಿತಕುತ್ತಾ ಕೂತಿದ್ದೇನೆ. ಮಧ್ಯೆ ಪಚಕ್ ಪಚಕ್ ಅಂತ ಕೇಳಿದರೆ ಅದೇ.

ನೀನು ಕೇಳಿದ್ದು ಇಷ್ಟು. ದಿನಾ ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತೇನೆ, ಕೋಪ ಕಮ್ಮಿ ಮಾಡಿಕೊಳ್ಳೋಕೆ ಒದ್ದಾಡುತ್ತೇನೆ, ನನಗೇನೋ ಒಳ್ಳೇದಾಯಿತು, ಲೋಕಕ್ಕೇನು ಬಂತು? ಅದಕ್ಕೆ ಭಾವ ಆ ನೂರನೇ ಕೋತಿಯ ಕಥೆ ಫಾರ್ವರ್ಡ್ ಮಾಡಿದರು. ಜಪಾನಿನ ಒಂದು ದ್ವೀಪದಲ್ಲಿ ಕೋತಿಗಳು ಗೆಣಸು ತೊಳೆದು ತಿನ್ನೋದು ಕಲಿತವಂತೆ. ನೂರನೆಯದು ಕಲಿತ ಕೂಡಲೇ ಬೇರೆ ದ್ವೀಪದ ಕೋತಿಗಳಿಗೂ ತಾನಾಗಿ ಬಂದುಬಿಟ್ಟಿತಂತೆ. ಹಾಗೇ ನಾವೊಂದಷ್ಟು ಜನ ಬೆಳೆದರೆ ಇಡೀ ಮನುಕುಲದ ಅರಿವು ಒಂದೇ ಸಲ ಮೇಲೇಳುತ್ತದೆ ಅಂತ.

ಭಾವ, ಬೇಜಾರು ಮಾಡಿಕೊಳ್ಳಬೇಡಿ. ಆ ಕಥೆ ಅರ್ಧ ನಿಜ, ಅರ್ಧ ಒಗ್ಗರಣೆ.

ದ್ವೀಪದ ಹೆಸರು ಕೋಶಿಮಾ. ಕೋತಿಗಳನ್ನು ಗಮನಿಸುತ್ತಿದ್ದವರು ಮರಳಿನ ಮೇಲೆ ಗೆಣಸು ಹಾಕುತ್ತಿದ್ದರು. 1953ರಲ್ಲಿ ಒಂದೂವರೆ ವರ್ಷದ ಒಂದು ಹೆಣ್ಣು ಮರಿ ಗೆಣಸನ್ನು ನೀರಿಗೆ ಅದ್ದಿ ಮರಳು ತೊಳೆಯಿತು. ಅದರ ಹೆಸರು ಇಮೋ. ಜಪಾನಿ ಭಾಷೆಯಲ್ಲಿ ಇಮೋ ಅಂದರೆ ಗೆಣಸು ಅಂತಲೇ! ಅದನ್ನು ನೋಡಿ ಜೊತೆಯಲ್ಲಿ ಆಡುವ ಮರಿಗಳು ಕಲಿತವು, ತಾಯಿಯೂ ಕಲಿಯಿತು. ಆಮೇಲೆ ಆ ಮರಿಗಳೇ ತಾಯಂದಿರಾದಾಗ ಅವುಗಳ ಮಕ್ಕಳು ಕಲಿತವು. ಐದು ವರ್ಷ ಆದಮೇಲೆ, 1958ರಲ್ಲಿ, ಎರಡರಿಂದ ಏಳು ವರ್ಷದ 19 ಕೋತಿಗಳಲ್ಲಿ 15ಕ್ಕೆ ಬರುತ್ತಿತ್ತು. ದೊಡ್ಡವು 11 ಇದ್ದವು, ಕಲಿತದ್ದು ಎರಡೇ, ಎರಡೂ ಹೆಣ್ಣು. ದೊಡ್ಡ ಗಂಡು ಕೋತಿಗಳು ಮರಿಗಳ ಹತ್ತಿರ ಜಾಸ್ತಿ ಸುಳಿಯುತ್ತಿರಲಿಲ್ಲ, ಕಲಿಯಲೂ ಇಲ್ಲ. ನಮ್ಮ ಮನೆ ಗಂಡಸರ ಬಗ್ಗೆ ನಾನೇನೂ ಹೇಳುತ್ತಿಲ್ಲ ಮತ್ತೆ.

ಇನ್ನು ಆ ನೂರನೆಯದು. 1962ರಲ್ಲೂ ಅಲ್ಲಿದ್ದ ಕೋತಿಗಳು 59. ನೂರನೆಯದು ಎಲ್ಲಿಂದ ಬರಬೇಕು? ಅದನ್ನು ಸೇರಿಸಿದ್ದು ಲಯಾಲ್ ವಾಟ್ಸನ್ ಅನ್ನೋ ಲೇಖಕ, 1979ರಲ್ಲಿ. ಸಾಕ್ಷಿ ತೀರಾ ಕಮ್ಮಿ ಇತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

ನನಗಂತೂ ನಿಜವಾದ ಅರ್ಧವೇ ಜಾಸ್ತಿ ಇಷ್ಟ. ಗಾಳಿಯಲ್ಲಿ ಏನೂ ಹಾರಿ ಬರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಬಂತು.

ನಿಮ್ಮ ತಾತನ ಕಾಲದಿಂದ ನಮ್ಮದು ಎಂಥ ಮನೆ ಗೊತ್ತಲ್ಲ. ಹಾಲು ಉಕ್ಕಿದರೆ ಒಲೆ ಆರಿಸೋಕೆ ಮುಂಚೆ "ಯಾರು ಇಟ್ಟಿದ್ದು?" ಅಂತ ಕೂಗು. ಅಪ್ಪನಿಂದ ಅದು ನನಗೂ ಬಂತು, ನಿಮ್ಮಪ್ಪನಿಗೂ ಬಂತು. ಏಳು ವರ್ಷದ ಹಿಂದೆ ಒಂದೇ ಒಂದು ನಿಯಮ ಮಾಡಿಕೊಂಡೆ. ಮೊದಲು ಒಲೆ ಆರಿಸೋದು, ಆಮೇಲೆ ಒರೆಸೋದು, ಕೊನೆಗೆ ಬಾಯಿ ತೆರೆಯೋದು. ಎಷ್ಟು ಸಲ ಸೋತೆನೋ! ಹೋದ ತಿಂಗಳು ಕೂಡ ಉಪ್ಪಿನಕಾಯಿ ಜಾಡಿ ಒಡೆದದ್ದಕ್ಕೆ ಕೆಲಸದವಳ ಮೇಲೆ ಕೂಗಾಡಿಬಿಟ್ಟೆ. ಸಂಜೆ ಕ್ಷಮೆ ಕೇಳಿದೆ, ಅದು ಬೇರೆ ಮಾತು.

ಮೊನ್ನೆ ಭಾನುವಾರ ನನ್ನ ಮಗಳ ಮಗ ಹಾಲಿನ ಲೋಟ ಬೀಳಿಸಿದ. ಐದು ವರ್ಷ. ನನ್ನ ಮುಖ ಕೂಡ ನೋಡಲಿಲ್ಲ. "ಅಜ್ಜಿ, ಬಟ್ಟೆ ಎಲ್ಲಿ?" ಅಂದ, ಅಷ್ಟೇ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದೆ. ಅವನಿಗೆ ಯಾರೂ ಪಾಠ ಹೇಳಿಲ್ಲ. ನಮ್ಮ ಜೊತೆ ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದ, ಅಷ್ಟೇ ತಾನೇ?

ಈ ಹುಡುಗ ನಾಳೆ ಇನ್ಯಾರದೋ ಮನೆಗೆ, ಆಫೀಸಿಗೆ ಹೋಗುತ್ತಾನೆ. ಲೋಕ ಅಂದರೆ ನನಗೆ ಕಾಣೋದು ಇಷ್ಟೇ ಪುಟ್ಟಿ. ನಿನ್ನ ಅರ್ಧ ಗಂಟೆ ದಂಡ ಅಲ್ಲ. ಆದರೆ ಧ್ಯಾನದಲ್ಲಿದ್ದೇನೆ ಅಂತ ಬಾಗಿಲು ಹಾಕಿಕೊಂಡು, ಆಮೇಲೂ ಯಾರ ಕೈಗೂ ಸಿಗದೇ ಇದ್ದರೆ, ಕೋಶಿಮಾದ ಆ ದೊಡ್ಡ ಗಂಡು ಕೋತಿಗಳ ಹಾಗೆಯೇ ಆಯಿತಲ್ವಾ?

ಸರಿ, ಇನ್ನೂ ಅರ್ಧ ಪಾತ್ರೆ ಕಾಳು ಇದೆ. ಶನಿವಾರ ಬಾ, ಸಾರು ಮಾಡೋಣ. ಭಾವನನ್ನೂ ಕರೆದುಕೊಂಡು ಬಾ. ಸುಮ್ನೆ ಸೋಫಾದಲ್ಲಿ ಕೂರಬೇಡಿ ಭಾವ, ಅಡುಗೆಮನೆಗೇ ಬಂದು ನನ್ನ ಪಕ್ಕ ಕೂತು ನಾಲ್ಕು ಕಾಳು ಹಿತಕಿ.