ಅಂಬಾಸಿಡರ್ ಘಾಟಿ ಸಲೀಸಾಗಿ ಹತ್ತುತ್ತದೆ, ಸಪಾಟು ರಸ್ತೆಯಲ್ಲಿ ಮಿಸ್ ಹೊಡೆಯುತ್ತದೆ

ತೀರ್ಥಹಳ್ಳಿ ಅಂಬಿ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಕಾಲದ ಗಾಡಿ, 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಒಂದು ತಿಂಗಳಿಂದ ಎಂಜಿನ್ ಮಿಸ್ ಹೊಡೆಯುತ್ತಿದೆ, ಅಂದರೆ ನಡುನಡುವೆ ಉರಿ ತಪ್ಪುತ್ತದೆ. ನಿಂತಲ್ಲಿ ಐಡ್ಲಿಂಗ್ ಚೆನ್ನಾಗಿದೆ. ಟಾಪ್ ಗೇರಲ್ಲಿ 45–50ರಲ್ಲಿ ಹದವಾಗಿ ಹೋಗುವಾಗ ಮಾತ್ರ ಜಗ್ಗುತ್ತದೆ, ಸೈಲೆನ್ಸರಲ್ಲಿ ಒಂದೆರಡು ಪಟಾಕಿ. ತಮಾಷೆ ಏನು ಅಂದರೆ, ಹೋದ ಭಾನುವಾರ ಐದು ಜನ ಕೂತು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆವು. ಹದಿನಾಲ್ಕು ತಿರುವಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ಮೇಲೆ ಬಂದು ತೀರ್ಥಹಳ್ಳಿ ರಸ್ತೆ ಹಿಡಿದದ್ದೇ ತಡ, ಶುರುವಾಯಿತು.

ಕಾಯಿಲ್, ಕಂಡೆನ್ಸರ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು), ನಾಲ್ಕೂ ಪ್ಲಗ್ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ಈಗ ಮೆಕ್ಯಾನಿಕ್ ಡೆಲ್ಕೊನೇ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಬದಲಾಯಿಸಿ ಅನ್ನುತ್ತಿದ್ದಾರೆ. ಸುಮ್ನೆ ದುಡ್ಡು ಹಾಕೋಕೆ ಮನಸ್ಸಿಲ್ಲ.

ಎರಡನೇ ಗೇರ್:
ಟ್ಯಾಂಕಲ್ಲಿ ಕಸ ಇರಬಹುದು ಸರ್. ಪೆಟ್ರೋಲ್ ಪಂಪ್ ನೋಡಿಸಿ.

ಹಳೇ ಸ್ಪ್ಯಾನರ್:
ಪೆಟ್ರೋಲ್ ಸಾಲದೇ ಹೋದರೆ ಘಾಟಿಯಲ್ಲೇ ಮೊದಲು ಕೈ ಕೊಡಬೇಕು, ಅಲ್ವಾ? ಅಲ್ಲೇ ಜಾಸ್ತಿ ಕುಡಿಯೋದು. ಕಾಯಿಲ್ ಕೆಟ್ಟಿದ್ದರೂ ಅಷ್ಟೇ, ಭಾರ ಎಳೆಯುವಾಗಲೇ ಕಿಡಿ ಸೋಲುತ್ತದೆ. ನಿಮ್ಮದು ಉಲ್ಟಾ. ಹಾಗಾಗಿ ಡೆಲ್ಕೊ ಈಗಲೇ ಎಸೆಯಬೇಡಿ.

ಡೆಲ್ಕೊ ಪಕ್ಕದಲ್ಲಿ ತಟ್ಟೆ ಥರದ ಒಂದು ವ್ಯಾಕ್ಯೂಮ್ ಡಬ್ಬಿ ಇದೆ, ಅದಕ್ಕೆ ಕಾರ್ಬೊರೇಟರ್‌ನಿಂದ ಸಣ್ಣ ಪೈಪು ಬರುತ್ತದೆ. ಐಡ್ಲಿಂಗಲ್ಲಿ ಆ ಪೈಪಿಗೆ ಎಳೆತ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಘಾಟಿ ಹತ್ತುವಾಗಲೂ ಇಲ್ಲದಷ್ಟೇ. ಅರ್ಧ ಒತ್ತಿ ಸಪಾಟಲ್ಲಿ ಹೋಗುವಾಗ ಮಾತ್ರ ಜೋರಾಗಿ ಎಳೆಯುತ್ತದೆ. ಆಗ ಕಿಡಿ ಚೂರು ಬೇಗ ಬರಲಿ ಅಂತ ಪಾಯಿಂಟ್ ಕೂತಿರುವ ಪ್ಲೇಟೇ ಚೂರು ತಿರುಗುತ್ತದೆ. ನಿಮ್ಮ ಗಾಡಿ ಮಿಸ್ ಹೊಡೆಯೋದು ಸರಿಯಾಗಿ ಅದೇ ಹೊತ್ತಿಗೆ.

ಮೊದಲು ಆ ಪೈಪು ಕಿತ್ತು, ಕಾರ್ಬೊರೇಟರ್ ಕಡೆ ತೂತು ಮುಚ್ಚಿ, ಒಂದು ಸುತ್ತು ಓಡಿಸಿ ಬನ್ನಿ.

ತೀರ್ಥಹಳ್ಳಿ ಅಂಬಿ:
ಮಾಡಿದೆ. ಕುಪ್ಪಳಿವರೆಗೆ ಹೋಗಿ ಬಂದೆ, ಒಂದು ಮಿಸ್ ಇಲ್ಲ! ಪಿಕಪ್ ಸ್ವಲ್ಪ ಮಂದ ಅನ್ನಿಸಿತು. ಹೀಗೇ ಬಿಟ್ಟುಬಿಡಬಹುದಾ?

ಹಳೇ ಸ್ಪ್ಯಾನರ್:
ಬಿಡಬೇಡಿ, ಮೈಲೇಜ್ ಹೋಗುತ್ತದೆ. ರೋಗ ಎಲ್ಲಿದೆ ಅಂತ ಗೊತ್ತಾಯಿತು, ಅಷ್ಟೇ.

ಈಗ ಡೆಲ್ಕೊ ಕ್ಯಾಪ್ ತೆಗೆಯಿರಿ, ಅದರಡಿ ತಿರುಗುವ ರೋಟರ್ ಎತ್ತಿ. ಒಳಗೆ ಎರಡು ಸಣ್ಣ ವೈರು ಕಾಣುತ್ತವೆ. ಒಂದು ಕಾಯಿಲ್‌ನಿಂದ ಪಾಯಿಂಟಿಗೆ ಬರುವುದು. ಇನ್ನೊಂದು ತಿರುಗುವ ಪ್ಲೇಟನ್ನು ಡೆಲ್ಕೊ ಬಾಡಿಗೆ ಕಟ್ಟುವ ಅರ್ತ್ ವೈರು, ಗೇಣುದ್ದವೂ ಇಲ್ಲ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಪ್ಲೇಟು ಆಡಿ ಆಡಿ ಇದು ಒಳಗೇ ತುಂಡಾಗುತ್ತದೆ. ಆಮೇಲೆ ಪಾಯಿಂಟಿನ ಅರ್ತ್ ಗ್ರೀಸ್ ಮೆತ್ತಿದ ಪ್ಲೇಟಿನ ಮೂಲಕ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ, ಕಿಡಿಯೂ ತಪ್ಪುತ್ತದೆ.

ಪರೀಕ್ಷೆ ಹೀಗೆ. ಕೀ ಆಫ್ ಇರಲಿ, ಟಾಪ್ ಗೇರ್ ಹಾಕಿ ಗಾಡಿ ಮೆಲ್ಲಗೆ ತಳ್ಳಿ, ಪಾಯಿಂಟ್ ಮುಚ್ಚಿದಲ್ಲಿ ನಿಲ್ಲಿಸಿ. ಕೀ ಆನ್. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಪಾಯಿಂಟಿನ ಪ್ಲೇಟಿಗೆ, ಇನ್ನೊಂದು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ. ಸೊನ್ನೆ ಹತ್ತಿರ ತೋರಿಸಬೇಕು. ಆಮೇಲೆ ವ್ಯಾಕ್ಯೂಮ್ ಪೈಪಿನ ತುದಿ ಬಾಯಲ್ಲಿಟ್ಟು ಎಳೆಯಿರಿ, ಹೌದು, ಎಳನೀರು ಕುಡಿದ ಹಾಗೆ. ಪ್ಲೇಟು ತಿರುಗುವಾಗ ರೀಡಿಂಗ್ ಹಾರಿದರೆ ಕಳ್ಳ ಸಿಕ್ಕಿದ. ಕೀ ಜಾಸ್ತಿ ಹೊತ್ತು ಆನ್ ಬಿಡಬೇಡಿ. ಪಾಯಿಂಟ್ ಮುಚ್ಚಿದ್ದರೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಹೊಸ ಕಾಯಿಲ್ ಬೆಂದೀತು.

ತೀರ್ಥಹಳ್ಳಿ ಅಂಬಿ:
0.1 ವೋಲ್ಟ್ ಇದ್ದದ್ದು ಎಳೆದ ತಕ್ಷಣ 4ಕ್ಕೆ ಹೋಯಿತು, ಬಿಟ್ಟರೆ ವಾಪಸ್. ನನ್ನ ಮಗಳು ಹತ್ತು ಸಲ ಎಳೆದು ನೋಡಿದಳು, ಅವಳಿಗೆ ಆಟ.

ವೈರು ಹೊರಗಿನಿಂದ ಸರಿಯಾಗೇ ಇತ್ತು, ಮೇಲಿನ ಬಟ್ಟೆಯ ಹೊದಿಕೆ ಎಲ್ಲೂ ಹರಿದಿರಲಿಲ್ಲ. ಬ್ಲೇಡಿನಿಂದ ಸೀಳಿದರೆ ಒಳಗೆ ತಾಮ್ರವೆಲ್ಲ ಕಪ್ಪಾಗಿ ಪುಡಿ. ಎರಡೇ ಎಳೆ ಹಿಡಿದುಕೊಂಡಿದ್ದವು. ಮನೆಯಲ್ಲಿ ಫ್ಯಾನಿಗೆ ಹಾಕಿದ ವೈರಿನ ತುಂಡಿದೆ, ಅದನ್ನೇ ಹಾಕಲಾ?

ಹಳೇ ಸ್ಪ್ಯಾನರ್:
ಬೇಡ, ಅದು ಗಡಸು. ಪ್ಲೇಟು ತಿರುಗಲು ಬಿಡುವುದಿಲ್ಲ, ಮೂರು ತಿಂಗಳಲ್ಲಿ ಮತ್ತೆ ಮುರಿಯುತ್ತದೆ. ಹಾಳಾದ ಮೀಟರ್ ಕಡ್ಡಿಯ ಮೆತ್ತನೆ ವೈರು ಸಿಕ್ಕರೆ ಅದು ಒಳ್ಳೆಯದು, ಕೂದಲಿನಂಥ ಎಳೆ ಇರುತ್ತವೆ. ಬೆಸುಗೆ ತುದಿಗೆ ಮಾತ್ರ. ವೈರಿನೊಳಗೆ ಸೀಸ ಏರಿದರೆ ಅಲ್ಲೂ ಗಡಸಾಗುತ್ತದೆ. ನಡುವೆ ತಿರುಗುವ ಕ್ಯಾಮ್‌ಗೆ ತಾಗದ ಹಾಗೆ ಪಕ್ಕಕ್ಕೆ ಬಾಗಿಸಿ. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಅಂದರೆ 0.38 ಮಿಮೀ. ಪ್ಲೇಟು ಬಿಚ್ಚಿದ ಮೇಲೆ ಟೈಮಿಂಗ್ (ಕಿಡಿ ಬರುವ ಹೊತ್ತು) ಕೂಡ ಒಮ್ಮೆ ನೋಡಿ.

ಎರಡನೇ ಗೇರ್:
ನನ್ನ ಪದ್ಮಿನಿ ಕಾರಿಗೂ ಇದೇ ಕಾಯಿಲೆ ಇರಬಹುದಾ?

ಹಳೇ ಸ್ಪ್ಯಾನರ್:
ಘಾಟಿಯಲ್ಲಿ ಮಿಸ್ಸಾ, ಸಪಾಟಲ್ಲಿ ಮಿಸ್ಸಾ, ಅದು ಹೇಳಿ ಮೊದಲು. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸಬೇಡಿ.

ತೀರ್ಥಹಳ್ಳಿ ಅಂಬಿ:
ಹಳೇ ಮೀಟರಿನ ಕಪ್ಪು ಕಡ್ಡಿ ಬಲಿಯಾಯಿತು. ವ್ಯಾಕ್ಯೂಮ್ ಪೈಪು ವಾಪಸ್ ಹಾಕಿ ಶಿವಮೊಗ್ಗಕ್ಕೆ ಹೋಗಿ ಬಂದೆ, 50ರಲ್ಲಿ ಹಾಯಾಗಿ ಓಡಿತು. ಬಿಚ್ಚಿಟ್ಟ ಹಳೇ ಕಾಯಿಲ್, ಕಂಡೆನ್ಸರ್ ಎರಡೂ ಸರಿಯಾಗೇ ಇದ್ದವು ಅಂತ ಈಗ ಗೊತ್ತಾಗುತ್ತಿದೆ. ಡಿಕ್ಕಿಯಲ್ಲಿ ಹಾಕಿಟ್ಟಿದ್ದೇನೆ.