ಎಎಫ್‌ಪಿ ಹಾಕಿದರೆ ಲಿಂಫೋಸೈಟ್ ಬೆಳೆಯುತ್ತಿಲ್ಲ: ಪ್ರೋಟೀನಿನ ಕೆಲಸವೋ, ಸ್ಟಾಕಿನ ದೋಷವೋ?

ಮಡಿಕೇರಿ ಲ್ಯಾಬ್:
ಭ್ರೂಣದ ರಕ್ತದಲ್ಲಿರುವ ಆಲ್ಫಾ ಫೀಟೋಪ್ರೋಟೀನ್ (ಎಎಫ್‌ಪಿ) ಮೇಲೆ ಸಣ್ಣ ಪ್ರಾಜೆಕ್ಟ್. ವಯಸ್ಕರ ರಕ್ತದಿಂದ ಫಿಕಾಲ್ ಎಂಬ ಸಾಂದ್ರ ದ್ರವದಲ್ಲಿ ಬೇರ್ಪಡಿಸಿದ ಬಿಳಿ ರಕ್ತಕೋಶಗಳು (ಹೆಚ್ಚಿನವು ಲಿಂಫೋಸೈಟ್), ಪ್ಲೇಟಿನ ಪ್ರತಿ ಗುಳಿಗೆ (ವೆಲ್) 2 ಲಕ್ಷ, 200 ಮೈಕ್ರೋಲೀಟರ್‌ನಲ್ಲಿ. ವಿಭಜನೆಗೆ ಪ್ರಚೋದಿಸುವ ಪಿಎಚ್‌ಎ 5 ಮೈಕ್ರೋಗ್ರಾಂ/ಮಿ.ಲೀ., 72 ಗಂಟೆ, ವಿಭಜನೆ ಎಣಿಸಲು ಸಿಎಫ್‌ಎಸ್‌ಇ ಬಣ್ಣ (ಪ್ರತಿ ವಿಭಜನೆಗೆ ಅರ್ಧವಾಗುತ್ತದೆ). ಎಎಫ್‌ಪಿ 100 ಮೈಕ್ರೋಗ್ರಾಂ/ಮಿ.ಲೀ. ಹಾಕಿದರೆ ವಿಭಜನೆ ಬಹುತೇಕ ನಿಂತೇ ಹೋಗುತ್ತದೆ, ಆಲ್ಬುಮಿನ್ ಹಾಕಿದ ವೆಲ್ ಸರಿಯಾಗಿದೆ. ಸ್ಟಾಕ್ 1 ಮಿ.ಗ್ರಾಂ/ಮಿ.ಲೀ., ಲೇಬಲ್ ಮೇಲೆ ಸೋಡಿಯಂ ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) 0.1% ಅಂತಿದೆ. ಕೋಶಗಳ ಬಣ್ಣ ಅಳೆಯುವ ಫ್ಲೋ ಸೈಟೋಮೀಟರ್‌ಗೆ ಮೈಸೂರಿಗೇ ಒಯ್ಯಬೇಕು. ಈ ಫಲಿತಾಂಶ ನಂಬಬಹುದಾ?

ಸೀರಂ:
ಈಗಲೇ ನಂಬಬೇಡಿ. ಸ್ಟಾಕ್ ಹತ್ತು ಪಟ್ಟು ತೆಳುವಾದರೂ ವೆಲ್‌ನಲ್ಲಿ ಅಜೈಡ್ 0.01% ಉಳಿಯುತ್ತದೆ. ಕೋಶದ ಉಸಿರಾಟಕ್ಕೇ ಕಲ್ಲು ಹಾಕುವ ವಿಷ ಅದು. ನಿಮ್ಮ ಆಲ್ಬುಮಿನ್‌ನಲ್ಲಿ ಅಜೈಡ್ ಇಲ್ಲದಿದ್ದರೆ ಅದು ಕಂಟ್ರೋಲೇ ಅಲ್ಲ.

ಎಎಫ್‌ಪಿ ಸುಮಾರು 70 ಕಿಲೋಡಾಲ್ಟನ್, ಹಾಗಾಗಿ ಸಣ್ಣ ಅಜೈಡ್ ಹೊರಹೋಗಿ ಪ್ರೋಟೀನ್ ಉಳಿಯುವಂತೆ 10 ಕಿಲೋಡಾಲ್ಟನ್ ಪೊರೆಯಲ್ಲಿ ಪಿಬಿಎಸ್‌ಗೆ (ಫಾಸ್ಫೇಟ್ ಉಪ್ಪಿನ ಬಫರ್) ಡಯಾಲಿಸಿಸ್ ಮಾಡಿ: 4 ಡಿಗ್ರಿ, ಮೂರು ಸಲ ಬಫರ್ ಬದಲು. ಕೊನೆಯ ಬಫರನ್ನು ಕಂಟ್ರೋಲ್ ಆಗಿ ಒಂದು ವೆಲ್‌ಗೆ ಹಾಕಿ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಪೊರೆಯ ವಿಷ) ಮಾತ್ರ ಡಯಾಲಿಸಿಸ್‌ನಲ್ಲಿ ಹೋಗುತ್ತದೆಂದು ಲೆಕ್ಕ ಹಾಕಬೇಡಿ. ಅದನ್ನು ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ ಬೇರೆಯೇ ಮಾಡಿ.

ಥೈಮಸ್:
ಅಜೈಡ್ ತೆಗೆದ ಮೇಲೂ ವಿಭಜನೆ ಸ್ವಲ್ಪ ಕುಗ್ಗಿದರೆ ಆಶ್ಚರ್ಯವಿಲ್ಲ. 1975ರಲ್ಲಿ ಮುರ್ಗಿತಾ ಮತ್ತು ಟೊಮಾಸಿ ಇಲಿಯ ಎಎಫ್‌ಪಿಯಲ್ಲಿ ಇದನ್ನೇ ತೋರಿಸಿದರು. ಮನುಷ್ಯರದ್ದರಲ್ಲಿ ಫಲಿತಾಂಶ ಒಂದೇ ತೆರನಾಗಿಲ್ಲ. ಸಕ್ಕರೆ ಸರಪಳಿ, ಅಂಟಿಕೊಂಡ ಕೊಬ್ಬಿನಾಮ್ಲ ಎರಡೂ ಮೂಲದಿಂದ ಮೂಲಕ್ಕೆ ಬದಲಾಗುತ್ತವೆ. ಹೊಕ್ಕುಳಬಳ್ಳಿ ರಕ್ತದ್ದನ್ನೂ ಯಕೃತ್ ಗೆಡ್ಡೆಯ ಕೋಶದ್ದನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ.

ಹಾಂ, ಮಾಧ್ಯಮದಲ್ಲಿ ಕರುವಿನ ಭ್ರೂಣದ ಸೀರಂ ಇದೆಯಾ? ಅದರಲ್ಲೂ ಎಎಫ್‌ಪಿ ಇರುತ್ತದೆ. ಎಬಿ ರಕ್ತಗುಂಪಿನ ಮನುಷ್ಯರ ಸೀರಂ 10% ಬಳಸಿ. ಒಂದೇ ಡೋಸ್ ಸಾಲದು, 1, 10, 50, 100 ಮೈಕ್ರೋಗ್ರಾಂ/ಮಿ.ಲೀ. ಹಾಕಿ ನೋಡಿ.

ಮಡಿಕೇರಿ ಲ್ಯಾಬ್:
ಇರುವುದು ಕರುವಿನ ಸೀರಮ್ಮೇ, ಬದಲಾಯಿಸುತ್ತೇವೆ. ಕೋಶ ಸತ್ತಿದೆಯೋ, ಬರೀ ವಿಭಜನೆ ನಿಂತಿದೆಯೋ ತಿಳಿಯಲು 7-ಎಎಡಿ (ಸತ್ತ ಕೋಶಕ್ಕೆ ಮಾತ್ರ ನುಗ್ಗುವ ಬಣ್ಣ) ಸಾಕಾ ಸರ್?

ಸೀರಂ:
ಮೈಸೂರಿಗೆ ಒಯ್ಯುವುದಾದರೆ ಬೇಡ. ಸಾಗಿಸಲು ಫಿಕ್ಸ್ ಮಾಡಿದ (ರಾಸಾಯನಿಕದಿಂದ ಸ್ಥಿರಗೊಳಿಸಿದ) ಮೇಲೆ ಎಲ್ಲ ಕೋಶಕ್ಕೂ ಅದು ನುಗ್ಗುತ್ತದೆ. ಫಿಕ್ಸ್ ತಡೆದುಕೊಳ್ಳುವ, ಸತ್ತ ಕೋಶ ಗುರುತಿಸುವ ಡೈ ಮೊದಲು ಹಾಕಿ, ಪ್ರೋಟೀನ್ ಇಲ್ಲದ ಪಿಬಿಎಸ್‌ನಲ್ಲಿ. ಸಿಎಫ್‌ಎಸ್‌ಇ ಹಸಿರು, ಹಾಗಾಗಿ ಡೈ ಬೇರೆ ಬಣ್ಣದ್ದಿರಲಿ. ಆಮೇಲೆ 1% ಪ್ಯಾರಾಫಾರ್ಮಾಲ್ಡಿಹೈಡ್ 20 ನಿಮಿಷ, ತೊಳೆದು ಕತ್ತಲಲ್ಲಿ 4 ಡಿಗ್ರಿ. ಜೆಲ್ ಪ್ಯಾಕ್ ಟ್ಯೂಬ್‌ಗೆ ನೇರ ತಾಗಿದರೆ ಹೆಪ್ಪುಗಟ್ಟುತ್ತದೆ, ನಡುವೆ ಬಟ್ಟೆ ಇಡಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ಬಾಗಿಲು ತೆಗೆಯಲೇಬೇಡಿ. ಮಾಧ್ಯಮಕ್ಕೆ ಹೆಪೆಸ್ ಬಫರ್ 25 ಮಿಲಿಮೋಲಾರ್ ಸೇರಿಸಿದ್ದರೆ, ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೂ ಪಿಎಚ್ ಅಷ್ಟು ಬೇಗ ಏರುವುದಿಲ್ಲ.